ಸ್ಪ್ರಿಂಗಿನ ಹೊಟ್ಟೆಯೊಳಗಿನ ಗಾಳಿ

ಮೊದಲು ನನ್ನ ಅಂಗಿಯ ಕಿಸೆಯಲ್ಲಿ ಬಟ್ಟೆಗೆ ಗುರುತು ಹಾಕುವ ಸುಣ್ಣದ ಚಕ್ಕೆಯೊಂದೇ ಇರುತ್ತಿತ್ತು. ಈಗ ಅದರ ಪಕ್ಕದಲ್ಲಿ ಗಾಳಿಯ ಒತ್ತಡ ಅಳೆಯುವ ಮಾಪಕವೂ ಇರುತ್ತದೆ. ನೋಡಲಿಕ್ಕೆ ದಪ್ಪನೆಯ ಪೆನ್ನು ಅನ್ನಬೇಕು. ಬೆಳಿಗ್ಗೆ ಎದ್ದವನು ಮುಖಕ್ಕೆ ನೀರು ಹಾಕುವ ಮೊದಲೇ ಅದನ್ನು ಹಿಡಿದುಕೊಂಡು ನಮ್ಮ ಗಾಡಿಯ ಹಿಂದೆ, ನಂಬರ್ ಪ್ಲೇಟಿನ ಎದುರು ಮಂಡಿಯೂರಿ ಕೂರುತ್ತೇನೆ. ಎಡಗಡೆಯ ಗಾಳಿ ನೋಡುತ್ತೇನೆ, ಬಲಗಡೆಯ ಗಾಳಿ ನೋಡುತ್ತೇನೆ. ನಿನ್ನೆ ಇದ್ದಷ್ಟೇ ಇದೆ ಎಂದು ಖಾತ್ರಿಯಾದ ಮೇಲೆ ಚಹಾ. ಹಾಲು ಹಾಕಲು ಬರುವ ಮನುಷ್ಯ ಮೊದಲ ದಿನ ಇದನ್ನು ನೋಡಿ, "ಏನ್ರಿ ಟೇಲರ್ರ, ಗಾಡಿಗೆ ಜ್ವರಾ ಬಂದಾವೇನ್ರಿ?" ಎಂದು ಕೇಳಿದ. ನನಗೆ ನಗು ಬರಲಿಲ್ಲ. ಜ್ವರವೇನೋ ಇತ್ತು, ಗಾಡಿಗೆ ಇರಲಿಲ್ಲ ಅಷ್ಟೆ.

ನಾನು ಹಾನಗಲ್ಲಿನಲ್ಲಿ ಟೇಲರ್. ಅಂಜುವ ವಿದ್ಯೆಯಲ್ಲಿ ನನ್ನಷ್ಟು ಕೈ ಪಳಗಿದವರು ಈ ಸುತ್ತಿನ ನಾಲ್ಕು ತಾಲ್ಲೂಕಿನಲ್ಲಿ ಸಿಗಲಾರರು. ಚಿಕ್ಕವನಿದ್ದಾಗ ಪಂಚಮಿಗೆ ನಮ್ಮ ಓಣಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಿದ್ದರು. ವಾರಿಗೆಯವರೆಲ್ಲ ಕಾಲು ಮುಗಿಲಿಗೆ ತಾಗುವ ಹಾಗೆ ಜೀಕುತ್ತಿದ್ದರೆ ನಾನು ಕೆಳಗೆ ನಿಂತು, ಕತ್ತೆತ್ತಿ, ಹಗ್ಗದ ಗಂಟು ಸಡಿಲಾಯಿತೇ ಎಂದು ನೋಡುತ್ತಿದ್ದೆ. ನನ್ನ ಪಾಳಿ ಬಂದಾಗ, "ಇನ್ನೊಮ್ಮೆ ನೋಡ್ತೇನಿ ತಡೀರಿ" ಅನ್ನುತ್ತಿದ್ದೆ. ಅಷ್ಟರಲ್ಲಿ ಇನ್ನಾರೋ ಹಾರಿ ಕೂತಿರುತ್ತಿದ್ದರು. "ಹಗ್ಗಾ ನೋಡೂದ್ರಾಗ ನಿನ್ನ ಪಂಚಮಿ ಮುಗೀತು ನೋಡಪಾ" ಎಂದು ಅವ್ವ ಸಮಾಧಾನಕ್ಕೆ ಅಳ್ಳಿಟ್ಟಿನ ಉಂಡೆ ಕೊಡುತ್ತಿದ್ದಳು. ಅದರಲ್ಲಿ ಹರಳು ಇದ್ದೀತೆಂದು ನಾನು ಮೆಲ್ಲಗೆ ಕಚ್ಚುತ್ತಿದ್ದೆ.

ಟೇಲರಿನ ಕೆಲಸ ಈ ಸ್ವಭಾವಕ್ಕೆ ಚೆನ್ನಾಗಿ ಒಗ್ಗಿತು. ಕತ್ತರಿ ಹಾಕಿದ ಬಟ್ಟೆ ಮತ್ತೆ ಕೂಡುವುದಿಲ್ಲವಲ್ಲ, ಹಾಗಾಗಿ ಅಂಜುವವನಿಗೆ ಇಲ್ಲಿ ಜಾಗ್ರತೆಯವನು ಎಂಬ ಒಳ್ಳೆಯ ಹೆಸರು ಸಿಗುತ್ತದೆ. ಒಮ್ಮೆ ಮದುವೆಯ ಜಂಪರ್ ಹೊಲಿಯುವಾಗ ಮತ್ತೆ ಮತ್ತೆ ಅಳತೆಗೆ ಕರೆಸಿದ್ದಕ್ಕೆ ಮದುಮಗಳು ಸಿಟ್ಟಿಗೆದ್ದು, "ಕಾಕಾರ, ನಾ ಏನ್ ದಿನಾ ಬೆಳಿಯಾಕತ್ತೇನೇನ್ರಿ?" ಎಂದು ಕೇಳಿದ್ದಳು. ನಮ್ಮಪ್ಪ ಬೌದ್ಧ ಧರ್ಮ ತೆಗೆದುಕೊಂಡವರು. ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮೇಲುಗಡೆ ಅವರು ತೂಗು ಹಾಕಿದ ಬುದ್ಧನ ಪಟ ಈಗಲೂ ಇದೆ. ಅಷ್ಟು ಶಾಂತವಾಗಿ ಕೂತವನ ಕೆಳಗೇ ಕೂತು ನಾನು ಇಷ್ಟು ವರ್ಷ ತೋಳು ಬಿಗಿಯಾಯಿತೋ, ಕೊರಳು ಅಗಲವಾಯಿತೋ ಎಂದು ಬೆವರುತ್ತ ಬಂದಿದ್ದೇನೆ. ಅವನೂ ಏನೂ ಅಂದಿಲ್ಲ, ನಾನೂ ಸುಧಾರಿಸಿಲ್ಲ.

ನನ್ನ ಹೆಂಡತಿ ಸುಜಾತಾ ಇದಕ್ಕೆ ತದ್ವಿರುದ್ಧ. ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನವಳು, ರೈತನ ಮಗಳು. ಲಂಗ ತೊಡುವ ವಯಸ್ಸಿನಲ್ಲೇ ಚಕ್ಕಡಿ ಹೂಡಿಕೊಂಡು ಒಬ್ಬಳೇ ಹೊಲಕ್ಕೆ ಹೋಗಿ ಬರುತ್ತಿದ್ದಳಂತೆ. ಲಗ್ನದ ಹೊಸದರಲ್ಲಿ ಅವಳ ಹಿಂದೆ ಆ ಚಕ್ಕಡಿಯಲ್ಲಿ ಕೂತು ಹೋಗುವ ಭಾಗ್ಯ ನನಗೂ ಸಿಕ್ಕಿತ್ತು. ಕಲ್ಲಿನ ಮೇಲೆ ಚಕ್ರ ಹತ್ತಿದಾಗಲೆಲ್ಲ ನನ್ನ ಹಲ್ಲು ಹಲ್ಲಿಗೆ ಬಡಿಯುತ್ತಿದ್ದವು. ಅವಳು ಹಾಡು ಗುನುಗುತ್ತಿದ್ದಳು. ಇಂಥವಳು ನನ್ನಂಥವನ ಜೊತೆ ಹೇಗೆ ಬಾಳಿದಳು ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿದೆ. ಕೇಳಲು ಧೈರ್ಯವಾಗಿಲ್ಲ.

ಅವಳ ತಲೆಯಲ್ಲಿ ಹೊಕ್ಕ ವಿಚಾರ ಶಾವಿಗೆಯದು. ಬೇಸಿಗೆ ಬಂತೆಂದರೆ ನಮ್ಮ ಕಡೆ ಮನೆ ಮನೆಯಲ್ಲಿ ವರ್ಷಕ್ಕಾಗುವಷ್ಟು ಶಾವಿಗೆ ಮಾಡಿಟ್ಟುಕೊಳ್ಳುತ್ತಾರೆ. ಈಗ ಕೈಯಲ್ಲಿ ಹೊಸೆಯುವವರು ಕಡಿಮೆ, ಯಂತ್ರಕ್ಕೆ ಹಾಕಿಸುತ್ತಾರೆ. ಆದರೆ ಹೆಣ್ಣುಮಕ್ಕಳಿಗೆ ತಮ್ಮ ಗೋದಿಯ ಮೇಲೆ ಬಲು ಮಮತೆ. ತಾವು ಆರಿಸಿ, ಬೀಸಿಸಿ, ಸೋಸಿ, ಕಲಸಿದ ಹಿಟ್ಟು ತಮ್ಮ ಕಣ್ಣೆದುರಿಗೇ ಯಂತ್ರದೊಳಗೆ ಹೋಗಬೇಕು, ತಮ್ಮದೇ ಶಾವಿಗೆ ಹೊರಗೆ ಬರಬೇಕು. ಪಕ್ಕದ ಮನೆಯ ಹಿಟ್ಟಿನ ಒಂದು ಎಳೆ ಕೂಡಿದರೂ ಮುಖ ಸೊಟ್ಟಗಾಗುತ್ತದೆ. ಅದಕ್ಕಾಗಿ ಡಬ್ಬಿ ಹೊತ್ತು ಪ್ಯಾಟೆಗೆ ಬಂದು, ಪಾಳಿ ಹಚ್ಚಿ, ಬಸ್ಸಿನಲ್ಲಿ ವಾಪಸು ಹೋಗುವಷ್ಟರಲ್ಲಿ ಅರ್ಧ ಶಾವಿಗೆ ಮುರಿದು ನುಚ್ಚಾಗಿರುತ್ತದೆ. "ಮಷಿನ್ ತಾನ ಊರೂರಿಗೆ ಹ್ವಾದ್ರ?" ಎಂದಳು ಸುಜಾತಾ ಒಂದು ದಿನ. ಅವಳು ಪ್ರಶ್ನೆಯಂತೆ ಹೇಳುವ ಮಾತೆಲ್ಲ ಅಷ್ಟೊತ್ತಿಗೆ ಆಗಿಹೋಗಿರುತ್ತದೆ ಎಂದು ನನಗೆ ಗೊತ್ತು.

ಹಾಗೆ ನಮ್ಮ ಮನೆಗೆ ಶಾವಿಗೆಯ ಯಂತ್ರ ಬಂತು, ಅದನ್ನು ಓಡಿಸುವ ಜನರೇಟರ್ ಬಂತು, ಎರಡನ್ನೂ ಹೊರುವ ಎರಡು ಗಾಲಿಯ ಟ್ರೇಲರ್ ಬಂತು, ಟ್ರೇಲರನ್ನು ಎಳೆಯುವ ಹಳೆಯ ಎಸ್‌ಯುವಿ ಬಂತು. ಗಾಡಿ ಓಡಿಸುವವಳು ಸುಜಾತಾ. ನನಗೆ ಬರುವುದಿಲ್ಲ. ಕಲಿಯಲು ಹೋದ ದಿನ ಖಾಲಿ ಮೈದಾನದ ಆ ತುದಿಯಲ್ಲಿ ಆಡೊಂದು ಕಂಡಿತೆಂದು ಎಂಜಿನ್ ಆರಿಸಿ ಕೆಳಗಿಳಿದಿದ್ದೆ. ಹಿಟ್ಟು ಹಾಕಲು, ಶಾವಿಗೆ ಹಿಡಿಯಲು ಪಕ್ಕದ ಮನೆಯ ರೇಣವ್ವ ಜೊತೆಯಾದಳು. ನಾನು ಅಂಗಡಿಯ ಬಾಗಿಲು ಹಾಕಿಕೊಂಡು ಹಿಂದಿನ ಅಡ್ಡ ಸೀಟಿನಲ್ಲಿ ಕೂತು ಹೋಗತೊಡಗಿದೆ. ಅಲ್ಲಿ ನನ್ನದೇನು ಕೆಲಸ ಎಂದು ಯಾರೂ ಕೇಳಲಿಲ್ಲ. ಹಿಂದಿನ ಗಾಜಿನಿಂದ ಟ್ರೇಲರನ್ನು ನೋಡುತ್ತ ಅಂಜುವುದೇ ನನ್ನ ಕೆಲಸವಾಗಿತ್ತು.

ಇನ್ನು ನಾವು ಮಾಡಿದ ತಪ್ಪಿನ ವಿಷಯ. ಸುಜಾತಾಳ ಅಪ್ಪ, ಅಂದರೆ ನಮ್ಮ ಮಾವ, ಚಕ್ಕಡಿ ಹೇರುವುದರಲ್ಲಿ ಹೆಸರಾದವರು. ಹೇರು ಮುಂದೆ ಬಿದ್ದರೆ ನೊಗ ಎತ್ತಿನ ಹೆಗಲಿಗೆ ಒತ್ತುತ್ತದೆ, ಹುಣ್ಣಾಗುತ್ತದೆ. ಅದಕ್ಕೆ ಅವರು ಚೀಲಗಳನ್ನು ಹಿಂದಕ್ಕೆ ಸರಿಸಿ, ನೊಗವನ್ನು ಒಂದು ಕೈಯಿಂದ ಎತ್ತಿ ನೋಡಿ, ಹಗುರಾಯಿತು ಎಂದ ಮೇಲೆಯೇ ಎತ್ತು ಹೂಡುತ್ತಿದ್ದರು. ಮಗಳು ಕಲಿತದ್ದು ಅದನ್ನೇ. ಯಂತ್ರವನ್ನೂ ಜನರೇಟರನ್ನೂ ಟ್ರೇಲರಿನ ಹಿಂಭಾಗಕ್ಕೆ ಸರಿಸಿ ಕಟ್ಟಿದಳು. ಟ್ರೇಲರಿನ ಮೂಗು, ಗಾಡಿಯ ಕೊಂಡಿಗೆ ಸಿಕ್ಕಿಸುವ ತುದಿ, ಒಂದೇ ಕೈಗೆ ಏಳುವಷ್ಟು ಹಗುರಾಯಿತು. "ನೋಡ್ರಿ, ನಮ್ಮ ಗಾಡಿ ಮ್ಯಾಲ ಒಂದ್ ಎಳ್ಳಷ್ಟೂ ಭಾರಿಲ್ಲ" ಎಂದು ಹೆಮ್ಮೆಪಟ್ಟಳು. ಅಂಜುವುದರಲ್ಲಿ ಪಳಗಿದ ನನಗೂ ಇದರಲ್ಲಿ ಅಂಜಬೇಕಾದ್ದೇನೂ ಕಾಣಲಿಲ್ಲ. ಇಷ್ಟು ವರ್ಷದಲ್ಲಿ ನಾನು ಅಂಜದೆ ಬಿಟ್ಟ ಸಂಗತಿ ಅದೊಂದೇ.

ಒಂದು ದಿನ ಬಂಕಾಪುರದ ಹತ್ತಿರ ಹೆದ್ದಾರಿಗೆ ಬಂದು ವೇಗ ಹಿಡಿದೆವು. ಪಕ್ಕದಲ್ಲಿ ದೊಡ್ಡ ಲಾರಿಯೊಂದು ಹಾದುಹೋಯಿತು. ಅದರ ಗಾಳಿಗೆ ಟ್ರೇಲರಿನ ಹಿಂಭಾಗ ಒಂದಿಷ್ಟು ಸರಿಯಿತು. ಮತ್ತೆ ಈ ಕಡೆ, ಮತ್ತೆ ಆ ಕಡೆ. ನಾನು ಗಾಜಿನಲ್ಲಿ ನೋಡುತ್ತಲೇ ಇದ್ದೇನೆ. ಮೊಸಳೆ ಬಾಲ ಬೀಸಿದ ಹಾಗೆ ಅದು ಬೀಸತೊಡಗಿತು, ಜೊತೆಗೆ ನಮ್ಮ ಗಾಡಿಯೂ. ರೇಣವ್ವನ ಹಣೆ ಬಾಗಿಲಿಗೆ ಬಡಿಯಿತು. ಸುಜಾತಾ ಎಕ್ಸಲೇಟರಿನಿಂದ ಕಾಲು ತೆಗೆದು, ಸ್ಟೇರಿಂಗನ್ನು ನೆಟ್ಟಗೆ ಹಿಡಿದುಕೊಂಡೇ ಕೂತಳು. ಗಾಡಿ ತಾನಾಗಿ ನಿಧಾನವಾಗುತ್ತ, ಅಲುಗಾಟ ಇಳಿಯುತ್ತ, ರಸ್ತೆಯ ಅಂಚಿಗೆ ಬಂದು ನಿಂತಿತು. ಕೋಟೆಯ ಕಡೆಯಿಂದ ನವಿಲು ಕೂಗುತ್ತಿತ್ತು. ನಾನು ಇಳಿದು ಬೇಲಿಯ ಹತ್ತಿರ ಹೋಗಿ ವಾಂತಿ ಮಾಡಿಕೊಂಡೆ.

ರೇಣವ್ವನ ಹಣೆಯಲ್ಲಿ ನಿಂಬೆಹಣ್ಣಿನಷ್ಟು ಬುಗುಟಿ ಎದ್ದಿತ್ತು. ಆಕೆ, "ಏನಾಗಿಲ್ರಿ ಅಕ್ಕಾರ" ಅನ್ನುತ್ತಲೇ ಇದ್ದಳು. ಸುಜಾತಾ ಅವಳ ಹಣೆಗೆ ಒದ್ದೆ ಸೆರಗು ಒತ್ತಿ ಹಿಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಕೇಳ್ರಿಲ್ಲೆ. ಗಾಡಿಗೆ ಏನ್ ಮಾಡಸಬೇಕೋ ಮಾಡಸ್ತೇನಿ. ಆಮ್ಯಾಲ ಮಷಿನ್ ಹೇರಿಕೊಂಡು ಹತ್ತಿಮತ್ತೂರಿಗೆ ಒಮ್ಮೆ ಹೋಗೂಣು. ನೀವು ಹಿಂದ ಕುಂದರ್ರಿ. ಮುಟ್ಟಿದ ಮ್ಯಾಲ ನಾ ನಿಮ್ಮನ್ನ ಕೇಳ್ತೇನಿ. ನೀವು ಬ್ಯಾಡ ಅಂದ್ರ ಬ್ಯಾಡ. ಮಷಿನ್ ಮಾರಿ ಬಿಡ್ತೇನಿ, ಮತ್ತ ಅದರ ಮಾತು ಎತ್ತಂಗಿಲ್ಲ."

"ನನ್ನ ಯಾಕ ಕೇಳ್ತಿ?" ಎಂದೆ.

"ನೀವ ಅಂಜಲಿಲ್ಲಂದ್ರ ಅದು ಅಂಜೂವಂಥಾದ್ದಲ್ಲ ಅಂತ ತಿಳೀತೈತಿ."

ಶಿಗ್ಗಾಂವಿಯ ದಾದಾಪೀರನ ಗ್ಯಾರೇಜಿಗೆ ಹೋದೆವು. ಅವನು ಟ್ರೇಲರಿನ ಮೂಗನ್ನು ಎತ್ತಿ ನೋಡಿ ಹುಬ್ಬೇರಿಸಿದ. "ಇದೇನ್ ಚಕ್ಕಡಿ ಏನ್ರಿ ಅಕ್ಕಾರ? ಮೂಗಿನ ಮ್ಯಾಲ ಚೂರು ವಜನ್ ಬೇಕ್ರಿ, ಇಲ್ಲಂದ್ರ ಇದು ಬಾಲಾ ಅಲ್ಲಾಡಸ್ತೈತಿ" ಎಂದು ಯಂತ್ರವನ್ನು ಮುಂದಕ್ಕೆ ಸರಿಸಿದ. ಕೊಂಡಿಗೆ ಸಿಕ್ಕಿಸಿದ ಕೂಡಲೇ ನಮ್ಮ ಗಾಡಿಯ ಹಿಂಭಾಗ ಕುಸಿದು ಮುಂಭಾಗ ಮೇಲೆದ್ದಿತು. ಹಾಗೆ ಓಡಿಸಿದರೆ ಮುಂದಿನ ಗಾಲಿಗೆ ನೆಲದ ಹಿಡಿತ ಸಾಲದು, ಸ್ಟೇರಿಂಗ್ ಮಾತು ಕೇಳುವುದಿಲ್ಲ ಎಂದ. ಹಿಂದೆ ಸರಿಸಿದರೆ ಬಾಲ, ಮುಂದೆ ಸರಿಸಿದರೆ ಕುಸಿತ. ನನಗೆ ಒಳಗೊಳಗೇ ಸಮಾಧಾನವಾಯಿತು. ಇನ್ನು ಮಾರುವುದೇ ದಾರಿ.

"ಒಂದ್ ಇಲಾಜ್ ಐತ್ರಿ" ಎಂದ ದಾದಾಪೀರ.

ಇಲಾಜೆಂದರೆ ಗಾಳಿಯ ಚೀಲ. ಹಿಂದಿನ ಎರಡೂ ಸ್ಪ್ರಿಂಗುಗಳ ಸುರುಳಿಯ ಒಳಗೆ ಒಂದೊಂದು ರಬ್ಬರಿನಂಥ ಚೀಲ ಕೂರಿಸುವುದು, ಅದಕ್ಕೆ ಗಾಳಿ ತುಂಬುವುದು. ಹೇರು ಬಿದ್ದಾಗ ಅದು ಸ್ಪ್ರಿಂಗಿಗೆ ಒಳಗಿನಿಂದ ಆಸರೆ ಕೊಟ್ಟು ಗಾಡಿಯನ್ನು ಸಮ ನಿಲ್ಲಿಸುತ್ತದೆ. ದಾದಾಪೀರ ಅದನ್ನು ಬಲೂನು ಎಂದು ಕರೆದದ್ದು ನನ್ನ ಪಾಲಿಗೆ ಒಳ್ಳೆಯದಾಗಲಿಲ್ಲ. ನನ್ನ ಹೆಂಡತಿಯ ಜೀವ ಇನ್ನು ಮುಂದೆ ಎರಡು ಬಲೂನುಗಳ ಮೇಲೆ ನಿಲ್ಲುವುದು ಎಂಬ ವಿಚಾರ ಆ ಕ್ಷಣವೇ ತಲೆಗೆ ಹೊಕ್ಕಿತು, ಇವತ್ತಿನವರೆಗೂ ಹೊರಗೆ ಬಂದಿಲ್ಲ.

"ನೀವು ಭಾಳ ಗಾಡಿಗೆ ಇದನ್ನ ಹಾಕೀರೇನ್ರಿ?" ಎಂದು ಕೇಳಿದೆ.

"ಖರೇ ಹೇಳ್ತೇನ್ರಿ, ಇದ ಮೊದ್ಲು. ಹಂಗಂತ ಅಂಜಬ್ಯಾಡ್ರಿ. ವಿಡಿಯೋ ನೋಡೇನಿ."

ಅಂಜಬೇಡಿ ಎಂದು ಹೇಳಿದವರನ್ನು ಕಂಡರೆ ನನಗೆ ಹೆಚ್ಚು ಅಂಜಿಕೆ. ಚೀಲ ಬಂದ ದಿನ ಗ್ಯಾರೇಜಿನಲ್ಲಿ ನಾನು ಅವನ ಬೆನ್ನ ಹಿಂದೆಯೇ ನಿಂತೆ. ಗಾಡಿಯನ್ನು ಎತ್ತಿ, ಗಾಲಿಗಳನ್ನು ಜೋತುಬಿಟ್ಟು, ಸುರುಳಿ ಸಡಿಲಾದ ಮೇಲೆ ಒಳಗಿದ್ದ ರಬ್ಬರಿನ ಗಟ್ಟಿ ತುಂಡನ್ನು ತೆಗೆದ. ಚೀಲದ ಗಾಳಿಯನ್ನೆಲ್ಲ ಹಿಂಡಿ, ಹಾಸಿಗೆ ಸುತ್ತುವ ಹಾಗೆ ಸುತ್ತಿ, ಸುರುಳಿಯ ಸಂದಿನಿಂದ ಒಳಗೆ ತೂರಿಸಿದ. ಎರಡೂ ಚೀಲಗಳನ್ನು ಒಂದೇ ಪೈಪಿಗೆ ಕೂಡಿಸಿ, "ಇಬ್ರೂ ಅಣ್ಣತಮ್ಮಂದ್ರು, ಒಂದ ಗಂಗಾಳದಾಗ ಉಣ್ಣಲಿ" ಎಂದು ನಕ್ಕ. ಸುಜಾತಾ ಸುಮ್ಮನೆ ಹೋಗಿ ಗಾಡಿಯ ಒಂದು ಮೂಲೆಯನ್ನು ಎರಡೂ ಕೈಯಿಂದ ಒತ್ತಿದಳು. ಆ ಕಡೆಯ ಗಾಳಿ ಈ ಕಡೆ ಬಂದು ಗಾಡಿ ವಾಲಿತು. "ತಿರುವಿನ್ಯಾಗ ಒಬ್ಬನ ಪಾಲನ್ನ ಇನ್ನೊಬ್ಬ ಉಣ್ತಾನ್ರಿ" ಎಂದಳು. ದಾದಾಪೀರ ತಲೆ ಕೆರೆದುಕೊಂಡು ಬೇರೆ ಬೇರೆ ಪೈಪು ಹಾಕಿದ. ಸೈಲೆನ್ಸರಿನ ಬಿಸಿ ತಾಗದಂತೆ ಅವನ್ನು ಸುತ್ತು ಹಾಕಿ, ಗಾಳಿ ತುಂಬುವ ಬಾಯಿಗಳನ್ನು ನಂಬರ್ ಪ್ಲೇಟಿನ ಹತ್ತಿರ ತಂದು ಬಿಟ್ಟ.

ನಾನು ಅಂಗಡಿಯ ಟೇಪು ತೆಗೆದುಕೊಂಡು ಹೋಗಿದ್ದೆ. ಗಾಲಿಯ ನಡುವಿನಿಂದ ಮೇಲಿನ ಕಮಾನಿನವರೆಗೆ ಅಳತೆ ಹಿಡಿದೆ. ಖಾಲಿ ಗಾಡಿಯದೊಂದು, ಹೇರಿದ ಗಾಡಿಯದೊಂದು, ಗಾಳಿ ತುಂಬಿದ ಮೇಲಿನದೊಂದು. ಕುಸಿದ ಹಿಂಭಾಗ ಮೆಲ್ಲಗೆ ಎದ್ದು, ಲಂಗದ ಅಂಚಿನ ಹಾಗೆ ಸುತ್ತ ಸಮವಾಗಿ ನಿಂತಿತು. ನೋಡಲಿಕ್ಕೆ ಚೆಂದವೇ ಇತ್ತು. ದಾದಾಪೀರ ಒಂದು ಮಾತು ಹೇಳಿದ: "ಇದ್ರಿಂದ ಗಾಡಿ ತಾಕತ್ತು ಹೆಚ್ಚಾಗಂಗಿಲ್ರಿ. ಹೊರೂವಷ್ಟ ಹೇರ್ರಿ. ಖಾಲಿ ಇದ್ದಾಗೂ ಚೂರು ಗಾಳಿ ಇರಬೇಕು, ಪೂರ್ತಿ ಬಿಟ್ರ ಚೀಲ ಸುರುಳ್ಯಾಗ ಸಿಕ್ಕು ಹರೀತೈತಿ." ಹೇರುವುದರ ಮಾತು ಸುಜಾತಾಳಿಗೆ ಕೇಳಿಸಿತು. ಹರಿಯುತ್ತದೆ ಎಂಬ ಮಾತಷ್ಟೇ ನನಗೆ ಕೇಳಿಸಿತು. ಬಟ್ಟೆ ಹರಿಯುವ ಸದ್ದು ಇಷ್ಟು ವರ್ಷ ಕೇಳಿದವನು ನಾನು.

ಮರುದಿನ ಬೆಳಿಗ್ಗೆ ನೋಡಿದರೆ ಎಡಗಡೆಯ ಗಾಳಿ ಇಳಿದಿತ್ತು. ಸಾಬೂನಿನ ನೀರು ಕಲಸಿ ಪೈಪಿನುದ್ದಕ್ಕೂ ಹಚ್ಚುತ್ತ ಬಂದೆ. ಬಾಯಿಯ ಹತ್ತಿರ ಸಣ್ಣ ಗುಳ್ಳೆಯೊಂದು ಉಬ್ಬಿತು, ಒಡೆಯಿತು, ಮತ್ತೆ ಉಬ್ಬಿತು. ನಿಜ ಹೇಳುತ್ತೇನೆ, ಅದನ್ನು ನೋಡಿ ಹೆದರಿಕೆಯೊಂದೇ ಅಲ್ಲ, ಸಂತೋಷವೂ ಆಯಿತು. ಇದು ಸೋರಲಿ, ಇದು ಕೆಡಲಿ, ಇವಳು ಮನೆಯಲ್ಲಿರಲಿ ಎಂದು ಮನಸ್ಸು ಅಂದಿತು. ಅದೇ ಹೊತ್ತಿಗೆ ಸುಜಾತಾ ನನ್ನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಆ ಗುಳ್ಳೆಯನ್ನೇ ನೋಡುತ್ತಿದ್ದಳು. ಜ್ವರದ ಕೂಸಿನ ಮುಖ ನೋಡುವ ಹಾಗೆ ನೋಡುತ್ತಿದ್ದಳು. ನಾನು ಪಾನಾ ತಂದು ಬಾಯಿಯನ್ನು ಬಿಗಿ ಮಾಡಿದೆ. ಗುಳ್ಳೆ ನಿಂತಿತು.

ಅಲ್ಲಿಂದ ಹತ್ತಿಮತ್ತೂರಿಗೆ ಹೋಗುವ ದಿನದವರೆಗೆ ನಾನು ಸರಿಯಾಗಿ ಮಲಗಲಿಲ್ಲ. ಹಾಸಿಗೆಯಲ್ಲಿ ಬಿದ್ದುಕೊಂಡು ಉತ್ತರ ಹುಡುಕುತ್ತಿದ್ದೆ. ಒಂದೇ ಮಾತು ಸಾಕಾಗಿತ್ತು. 'ಅಲ್ಲಾಡಿತು' ಎಂದರೆ ಮುಗಿಯಿತು. ಅವಳು ಇನ್ನೊಂದು ಪ್ರಶ್ನೆ ಕೇಳುವವಳಲ್ಲ. ನಿಜಕ್ಕೂ ಅಲ್ಲಾಡಿದರೆ ಸರಿ. ಅಲ್ಲಾಡದಿದ್ದರೆ? ಅಲ್ಲಾಡಿತೋ ಇಲ್ಲವೋ ನನಗೇ ತಿಳಿಯದಿದ್ದರೆ? ನಿಂತ ನೆಲವೂ ಅಲ್ಲಾಡುತ್ತದೆ ಎನ್ನುವ ನನ್ನ ಮಾತಿನ ಮೇಲೆ ಅವಳು ಎಲ್ಲವನ್ನೂ ಇಟ್ಟುಬಿಟ್ಟಿದ್ದಳು. ಅವಳ ಮೇಲೆ ನನಗೆ ಸಿಟ್ಟು ಬಂತು. ಅವಳನ್ನು ಕಳೆದುಕೊಂಡರೆ ನಾನು ಏನು ಮಾಡಲಿ ಎಂದು ಅಳುವೂ ಬಂತು.

ಹೊರಟ ದಿನ ರೇಣವ್ವ ಮುಂದೆ ಕೂತಳು, ನಾನು ಹಿಂದೆ. ಬಂಕಾಪುರದ ಅದೇ ಜಾಗ ಬಂದಾಗ ಸೀಟಿನ ಕಂಬಿ ಹಿಡಿದ ನನ್ನ ಬೆರಳು ಬೆಳ್ಳಗಾದವು. ಲಾರಿಯೊಂದು ಹಾದುಹೋಯಿತು. ಗಾಜಿನಲ್ಲಿ ಟ್ರೇಲರ್ ಒಂದಿಷ್ಟು ನಡುಗಿ, ತೆಪ್ಪಗೆ ನಮ್ಮ ಹಿಂದೆ ಬಂತು. ಇನ್ನೊಂದು ಲಾರಿ ಬಂತು, ಹೋಯಿತು. ಗುಂಡಿಗೆ ಇಳಿದಾಗ ಗಾಡಿ ಕುಸಿಯಲಿಲ್ಲ, ಮೆತ್ತಗೆ ಕೂತು ಎದ್ದಿತು. ಸವಣೂರಿನ ಪ್ಯಾಟೆಯಲ್ಲಿ ನಿಂತಾಗ ಇಳಿದು ಗಾಳಿ ನೋಡಿದೆ. ಇದ್ದಷ್ಟೇ ಇತ್ತು. ಕೊಂಡಿ ನೋಡಿದೆ. ಸರಿ ಇತ್ತು. ಇನ್ನು ಏನು ನೋಡಬೇಕೆಂದು ತಿಳಿಯದೆ ಹತ್ತಿ ಕೂತೆ. ಗಾಡಿ ಹೊರಟಿತು. ಎರಡೂ ಕಡೆ ಮೆಣಸಿನಕಾಯಿಯ ಹೊಲ, ಕಿಟಕಿಯಿಂದ ಬಿಸಿ ಗಾಳಿ. ಟ್ರೇಲರ್ ಬರುತ್ತಿದೆ, ಬರುತ್ತಿದೆ ಎಂದುಕೊಳ್ಳುತ್ತಿದ್ದೆ.

ಎಚ್ಚರವಾದಾಗ ಗಾಡಿ ನಿಂತಿತ್ತು, ಒಳಗೆ ಯಾರೂ ಇರಲಿಲ್ಲ. ನಾನು ಸೀಟಿನ ಮೇಲೆ ಅಡ್ಡ ಬಿದ್ದಿದ್ದೆ, ಕೆನ್ನೆ ರೆಕ್ಸಿನಿಗೆ ಅಂಟಿತ್ತು. ಧಡಕ್ಕನೆ ಎದ್ದು ಗಾಜಿನಲ್ಲಿ ನೋಡಿದೆ. ಟ್ರೇಲರ್ ಇರಲಿಲ್ಲ. ಕಾಲಿಗೆ ಚಪ್ಪಲಿಯೂ ಇಲ್ಲದೆ ಕೆಳಗೆ ಹಾರಿದೆ.

ಟ್ರೇಲರ್ ಆಚೆ ಕಟ್ಟೆಯ ಪಕ್ಕದ ನೆರಳಿನಲ್ಲಿತ್ತು. ಜನರೇಟರ್ ಗುಡುಗುತ್ತಿತ್ತು. ಹತ್ತಿಮತ್ತೂರಿನ ಹೆಣ್ಣುಮಕ್ಕಳು ಕಲಸಿದ ಹಿಟ್ಟಿನ ಬೋಗುಣಿಗಳ ಮೇಲೆ ಒದ್ದೆ ಬಟ್ಟೆ ಹೊದಿಸಿಕೊಂಡು ಪಾಳಿಯಲ್ಲಿ ಕೂತಿದ್ದರು. ರೇಣವ್ವ ಯಂತ್ರದ ಬಾಯಿಂದ ಇಳಿಯುವ ಶಾವಿಗೆಯನ್ನು ಕೋಲಿನ ಮೇಲೆ ಹಿಡಿದು ಹಿಡಿದು ಬಿಸಿಲಿಗೆ ಹಾಕುತ್ತಿದ್ದಳು. ಮುದುಕಿಯೊಬ್ಬಳು ತನ್ನ ಎಳೆಗಳ ಪಕ್ಕದಲ್ಲೇ ಕಾವಲು ಕೂತಿದ್ದಳು. ಸುಜಾತಾ ನನ್ನನ್ನು ನೋಡಿ ಈ ಕಡೆ ಬಂದಳು.

"ಮುಟ್ಟಿ ಎಷ್ಟೊತ್ತಾತು?"

"ಭಾಳ ಹೊತ್ತಾತು."

"ಎಬ್ಬಸಬೇಕಿಲ್ಲ? ನೀ ಕೇಳ್ತೇನಿ ಅಂದಿದ್ದಿ. ನಾ ಏನೂ ನೋಡಲಿಲ್ಲಲ್ಲ."

ಅವಳು ನಗುತ್ತಾಳೆ, ಪಾಳಿಯವರಿಗೆಲ್ಲ ಹೇಳಿ ನಗಿಸುತ್ತಾಳೆ ಎಂದು ನಾನು ತಲೆ ತಗ್ಗಿಸಿ ನಿಂತೆ. ಅವಳು ನಗಲಿಲ್ಲ. ಎರಡೂ ಅಂಗೈ ಬಿಡಿಸಿ ನನ್ನೆದುರು ಹಿಡಿದಳು. ಸ್ಟೇರಿಂಗಿನ ಹೊಲಿಗೆಯ ಗುರುತು ಕೆಂಪಗೆ ಮೂಡಿತ್ತು.

"ಸವಣೂರ ದಾಟಿದ ಮ್ಯಾಲ ಕನ್ನಡಿ ನೋಡಿದೆ. ನಿಮ್ಮ ಮಾರಿ ಕಾಣಲಿಲ್ಲ. ಬಾಗಲಾ ತಗದು ಬಿದ್ರೇನೋ ಅಂತ ಎದಿ ಒಡದಂಗಾತು. ರೇಣವ್ವ ತಿರುಗಿ ನೋಡಿ, ಮಲಗ್ಯಾರ್ರಿ ಅಂದ್ಲು. ನನಗ ನಗಿ ಬರಬೇಕಿತ್ತು, ಬರಲಿಲ್ಲ. ಹಿಂದ ಬಾಲಾ ಅಲ್ಲಾಡಿದಂಗ, ಗಾಳಿ ಸೋರಿದಂಗ, ಏನೇನೋ ಕೇಳಸಾಕತ್ತು. ಇಷ್ಟು ವರ್ಷ ನನಗ ಅಂಜಿಕಿನ ಇಲ್ಲ ಅಂತ ತಿಳಕೊಂಡಿದ್ದೆ. ನೀವು ಅಂಜತಿದ್ರಿ, ಅದಕ್ಕ ನಾ ಆರಾಮ ಇದ್ದೆ. ಇವತ್ತ ಅಲ್ಲಿಂದ ಇಲ್ಲೀತನಾ ನಾ ಒಬ್ಬಾಕಿನ ಅಂಜಬೇಕಾತು."

ಅವಳ ಎರಡೂ ಅಂಗೈಯನ್ನು ನನ್ನ ಕೈಯಲ್ಲಿ ಹಿಡಿದುಕೊಂಡೆ. ಇಡೀ ಊರು ನೋಡುತ್ತಿತ್ತು, ನೋಡಲಿ ಎನ್ನಿಸಿತು.

"ಹಂಗಾದ್ರ ಮಷಿನ್ ಮಾರತೀಯೇನ?" ಎಂದು ಕೇಳಿದೆ. ಇಷ್ಟು ದಿನ ಕಾದುಕೊಂಡಿದ್ದ ಮಾತು ಅದು. ಕೇಳಿದ ಮೇಲೆ, ಎಲ್ಲಿ ಹೌದು ಅಂದುಬಿಡುತ್ತಾಳೋ ಎಂದು ಅಂಜತೊಡಗಿದೆ.

ಸುಜಾತಾ ಕೈ ಬಿಡಿಸಿಕೊಂಡು, ಸೆರಗಿನಿಂದ ಮುಖ ಒರೆಸಿಕೊಂಡು, ಪಾಳಿಯ ಕಡೆ ಹೆಜ್ಜೆ ಹಾಕುತ್ತಲೇ ಹೇಳಿದಳು:

"ನಾಳೆ ಹಿರೇಕೆರೂರ ಕಡೆ ಹೋಗೂದೈತಿ. ನಿದ್ದಿ ಮನ್ಯಾಗ ಮುಗಿಸಿಕೊಂಡು ಬರ್ರಿ."